ಕನಿಶ್ ಪರವಾಗಿ ಎರಡು ಮಾತು

‘ರೌಂಡರ್ಸ್’ ನೋಡಿದ ನಾಲ್ಕು ಜನ ಒಂದೆಡೆ ಸೇರಿದರೆ ನಾಲ್ಕು ಬೇರೆ ಬೇರೆ ಸಿನಿಮಾ ನೋಡಿ ಬಂದವರ ಹಾಗೆ ಮಾತಾಡುತ್ತಾರೆ. ಒಬ್ಬರಿಗೆ ಅದು ಗೆಳೆತನದ ಕತೆ, ಇನ್ನೊಬ್ಬರಿಗೆ ಚಟದ ಕತೆ, ಮತ್ತೊಬ್ಬರಿಗೆ ಮನಸ್ಸಿಗೆ ಒಪ್ಪಿದ ದಾರಿ ಹಿಡಿದ ಹುಡುಗನ ಕತೆ. ಇಸ್ಪೀಟು ಬಲ್ಲವರಿಗಂತೂ ಅದು ಕತೆಯೇ ಅಲ್ಲ, ಪಾಠ. ನಾನು ಈ ನಾಲ್ಕೂ ಗುಂಪಿನವರ ಜೊತೆ ವಾದ ಮಾಡಿದ್ದೇನೆ. ಪ್ರತಿ ಸಲವೂ ಚರ್ಚೆ ನಾಯಕ ಮೈಕ್ ಸರಿಯೋ ತಪ್ಪೋ ಎನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಮೂಲೆಯ ಮೇಜಿನಲ್ಲಿ ಸದ್ದಿಲ್ಲದೆ ಆಡಿಕೊಂಡಿರುವ ಜೋಯಿ ಕನಿಶ್ ಎಂಬಾತನ ಬಗ್ಗೆ ಯಾರೂ ಎರಡು ನಿಮಿಷ ಕೊಡುವುದಿಲ್ಲ. ನನ್ನ ಮಟ್ಟಿಗೆ ಆ ಸಿನಿಮಾದಲ್ಲಿ ಆಟದ ಬಗ್ಗೆ ನಿಜ ಹೇಳುವವನು ಅವನೊಬ್ಬನೇ.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ನ್ಯೂಯಾರ್ಕಿನ ಕಾನೂನು ವಿದ್ಯಾರ್ಥಿ ಮೈಕ್ ಮ್ಯಾಕ್‌ಡರ್ಮಟ್ ಪೋಕರ್ ಆಡಿಯೇ ಫೀಸು ಹೊಂದಿಸಿಕೊಂಡವನು. ಮ್ಯಾಟ್ ಡೇಮನ್ ಮಾಡಿದ ಪಾತ್ರ. ಕೂಡಿಟ್ಟ ಹಣವನ್ನೆಲ್ಲ ತೆಗೆದುಕೊಂಡು ಒಂದು ರಾತ್ರಿ ಟೆಡ್ಡಿ ಕೆಜಿಬಿ ಎನ್ನುವ ರಷ್ಯನ್ನನ ಕಳ್ಳ ಅಡ್ಡೆಗೆ ಹೋಗಿ 30 ಸಾವಿರ ಡಾಲರ್ ಸೋತು ಬರುತ್ತಾನೆ. ಇನ್ನು ಎಲೆ ಮುಟ್ಟುವುದಿಲ್ಲ ಎಂದು ಜೊತೆಯಲ್ಲಿರುವ ಹುಡುಗಿ ಜೋಗೆ ಮಾತು ಕೊಟ್ಟು, ರಾತ್ರಿ ಲಾರಿ ಓಡಿಸಿ ಓದು ಮುಂದುವರಿಸುತ್ತಾನೆ. ಅಷ್ಟರಲ್ಲಿ ಬಾಲ್ಯದ ಗೆಳೆಯ ವರ್ಮ್ ಜೈಲಿನಿಂದ ಬಿಡುಗಡೆಯಾಗುತ್ತಾನೆ. ಅವನು ಎಲೆ ಹಂಚುವುದರಲ್ಲೇ ಮೋಸ ಮಾಡುವವನು, ಮೈತುಂಬ ಸಾಲ ಮಾಡಿಕೊಂಡವನು. ಆ ಸಾಲಕ್ಕೆ ಮೈಕ್ ಜಾಮೀನು ನಿಲ್ಲುತ್ತಾನೆ. ಕೊನೆಗೆ 15 ಸಾವಿರ ಡಾಲರ್ ಬೆಳಗಾಗುವುದರೊಳಗೆ ಕಟ್ಟಬೇಕಾಗಿ ಬಂದಾಗ ಮತ್ತೆ ಅದೇ ಟೆಡ್ಡಿಯ ಎದುರು ಹೋಗಿ ಕೂರುತ್ತಾನೆ.

ಮೊದಲ ಸೋಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇವರು ಆಡುವುದು ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬನ ಕೈಗೂ ಎರಡು ಗುಟ್ಟಿನ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಳ್ಳಬೇಕು. ಮೈಕ್‌ನ ಕೈಯಲ್ಲಿ ಎಕ್ಕ ಮತ್ತು ಒಂಬತ್ತು ಇವೆ. ಮೇಜಿನ ಮೇಲೆ ಒಂದು ಎಕ್ಕ, ಒಂದು ಒಂಬತ್ತು ಬರುತ್ತವೆ. ಆಮೇಲೆ ಇನ್ನೊಂದು ಒಂಬತ್ತು. ಮೂರು ಒಂಬತ್ತು, ಎರಡು ಎಕ್ಕ, ಅಂದರೆ ಫುಲ್ ಹೌಸ್. ಎದುರಿನವನು ಹಣ ಏರಿಸಿದಾಗ ಯೋಚಿಸುವವನಂತೆ ಮುಖ ಮಾಡಿ ಕೂತ ಮೈಕ್‌ನ ತಲೆಯಲ್ಲಿ ಓಡುತ್ತಿರುವುದು ಲಾಸ್ ವೇಗಾಸ್. ಇಷ್ಟು ಗೆದ್ದರೆ ಅಲ್ಲಿಗೆ ಹೋಗಬಹುದು ಎಂದು ಆಗಲೇ ಹೊರಟುಬಿಟ್ಟಿದ್ದಾನೆ. ಇದ್ದದ್ದನ್ನೆಲ್ಲ ನಡುವಿಗೆ ತಳ್ಳುತ್ತಾನೆ. ಟೆಡ್ಡಿ ತನ್ನ ಎರಡು ಎಲೆ ತಿರುಗಿಸುತ್ತಾನೆ. ಎರಡೂ ಎಕ್ಕ. ಅವನದು ಮೂರು ಎಕ್ಕ, ಎರಡು ಒಂಬತ್ತು.

ಈ ಆಟದ ಬಗ್ಗೆ ನನಗೆ ಸಿಕ್ಕ ಅತ್ಯಂತ ಖಚಿತವಾದ ಅಭಿಪ್ರಾಯ ನನ್ನ ಭಾವನದು. ಮಂಡ್ಯದ ಕಡೆ ಯುಗಾದಿಗೂ ಇಸ್ಪೀಟಿಗೂ ಇರುವ ನಂಟನ್ನು ಹೊಸದಾಗಿ ಹೇಳಬೇಕಿಲ್ಲ. ಹೊಸತೊಡಕಿನ ದಿನ ಬಾಡೂಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ಅಕ್ಕನ ಮಗ ಟೀವಿಗೆ ಈ ಸಿನಿಮಾ ಹಾಕಿದ. ಭಾವನಿಗೆ ಇಂಗ್ಲಿಷ್ ಸಿನಿಮಾ ಅಷ್ಟಕ್ಕಷ್ಟೆ. ಆದರೆ ಎಲೆ ಕಂಡೊಡನೆ ಎದ್ದು ಕೂತರು. ಪೋಕರ್ ಅವರು ಆಡಿದವರಲ್ಲ, ಅವರದೇನಿದ್ದರೂ ರಮ್ಮಿ. ಆದರೂ ನಾಲ್ಕು ಎಕ್ಕಗಳ ಲೆಕ್ಕ ಅವರಿಗೆ ತಕ್ಷಣ ಸಿಕ್ಕಿತು. ಒಂದು ಮೇಜಿನ ಮೇಲೆ, ಒಂದು ಹುಡುಗನ ಕೈಯಲ್ಲಿ, ಉಳಿದದ್ದು ಬರೀ ಎರಡು, ಆ ಎರಡೂ ಒಬ್ಬನ ಹತ್ತಿರವೇ ಇವೆ ಎಂದು ಯಾರು ಊಹಿಸಿಯಾರು?

“ಈ ಎಲೇಲಿ ಹುಡ್ಗಂದು ಏನೂ ತಪ್ಪಿಲ್ಲ ಕಣಯ್ಯ,” ಅಂದರು. “ಯಾರಿದ್ರೂ ಕಟ್ಟೋರೇ. ತಪ್ಪಾಗಿದ್ದು ಮನೇಲಿ. ಇದ್ದಿದ್ದೆಲ್ಲಾನೂ ಜೇಬಿಗೆ ಹಾಕ್ಕೊಂಡು ಹೊರಟ್ನಲ್ಲ, ಅಲ್ಲೇ ಸೋತ.”

ಪೋಕರನ್ನೇ ಕಸುಬು ಮಾಡಿಕೊಂಡವರು ಈ ದೃಶ್ಯದ ಬಗ್ಗೆ ಹೇಳುವುದೂ ಇದನ್ನೇ. ಹೀಗೆ ಎಲೆ ಬಂದ ಮೇಲೆ ತಪ್ಪಿಸಿಕೊಳ್ಳುವುದು ಯಾರಿಂದಲೂ ಆಗದು. ಆದರೆ ಒಂದು ರಾತ್ರಿ, ಒಂದು ಮೇಜಿಗೆ ಬದುಕನ್ನೇ ತಂದಿಡಬಾರದು. ಹೋಲ್ಡೆಮ್‌ನಲ್ಲಿ ಒಬ್ಬನ ಕೈಗೆ ಜೋಡಿ ಎಕ್ಕ ಬರುವ ಸಾಧ್ಯತೆ 221ರಲ್ಲಿ ಒಂದು. ಅಪರೂಪ ಹೌದು. ಆದರೆ ರಾತ್ರಿಯಿಡೀ ಆಡುವವನಿಗೆ ಅಪರೂಪವೂ ಮತ್ತೆ ಮತ್ತೆ ಎದುರಾಗುತ್ತದೆ. ಅದಕ್ಕೆಂದೇ ಅವರು ಕೈಯಲ್ಲಿರುವ ಮೊತ್ತದ ಒಂದು ಸಣ್ಣ ಪಾಲನ್ನು ಮಾತ್ರ ಮೇಜಿಗೆ ಒಯ್ಯುತ್ತಾರೆ. ಡೇಮನ್ ಇದನ್ನು ತನ್ನ ಮೈಮೇಲೇ ಕಂಡವನು. ಸಿನಿಮಾ ಬಿಡುಗಡೆಯಾದ 1998ರಲ್ಲೇ ಅವನೂ ವರ್ಮ್ ಪಾತ್ರದ ಎಡ್ವರ್ಡ್ ನಾರ್ಟನ್‌ನೂ ಲಾಸ್ ವೇಗಾಸ್‌ನ ಪೋಕರ್ ವಿಶ್ವಸರಣಿಯ 10 ಸಾವಿರ ಡಾಲರ್ ಪ್ರವೇಶಶುಲ್ಕದ ಮುಖ್ಯ ಪಂದ್ಯದಲ್ಲಿ ಕೂತರು. ಡೇಮನ್‌ಗೆ ಜೋಡಿ ರಾಜ ಬಂತು, ಎದುರಿಗಿದ್ದ ಹಳೆಯ ಹುಲಿ ಡಾಯ್ಲ್ ಬ್ರನ್ಸನ್‌ಗೆ ಜೋಡಿ ಎಕ್ಕ. ಡೇಮನ್ ಆಟ ಅಲ್ಲಿಗೆ ಮುಗಿಯಿತು.

ಅಕ್ಕನ ಅಭಿಪ್ರಾಯ ಬೇರೆ. ಅವಳಿಗೆ ಎಲೆಯ ಲೆಕ್ಕ ಬೇಕಿರಲಿಲ್ಲ. ಜೋ ಮನೆ ಬಿಟ್ಟು ಹೋದಾಗ ನಾವು ಮೂವರು ಗಂಡಸರೂ ‘ಪಾಪ, ಹುಡುಗ’ ಅಂದೆವು. ಅಕ್ಕನಿಗೆ ಕೋಪ ಬಂತು. ಜೋ ಹೋದದ್ದು ದುಡ್ಡು ಹೋಯಿತೆಂದಲ್ಲ, ರಾತ್ರಿ ಎಲ್ಲಿದ್ದೆ ಎಂದು ಕೇಳಿದರೆ ಸುಳ್ಳು ಹೇಳಿದ್ದಕ್ಕೆ, ಅಂದಳು. ಈ ಸಿನಿಮಾವನ್ನು ಮೆಚ್ಚಿದ ಬಹುಪಾಲು ಗಂಡಸರು ಜೋ ಪಾತ್ರವನ್ನು ನಾಯಕನ ಕಾಲಿಗೆ ತೊಡರುವ ಬಳ್ಳಿಯಂತೆ ಕಾಣುತ್ತಾರೆ. ನಿರ್ದೇಶಕ ಜಾನ್ ಡಾಲ್ ಕೂಡ ಅವಳಿಗೆ ಹೆಚ್ಚು ಜಾಗ ಕೊಟ್ಟಿಲ್ಲ, ಗ್ರೆಚೆನ್ ಮೋಲ್‌ಗೆ ಸಿಕ್ಕಿರುವುದು ಮುನಿಸಿಕೊಳ್ಳುವ ಕೆಲಸ ಅಷ್ಟೆ. ಇದು ಸಿನಿಮಾದ ದೊಡ್ಡ ಕೊರತೆ ಎನ್ನುವುದನ್ನು ನಾನು ಅಕ್ಕನಿಂದಲೇ ಕಲಿತೆ.

ತೆರೆ ಕಂಡಾಗ ಸಿನಿಮಾ ದೊಡ್ಡ ಸದ್ದೇನೂ ಮಾಡಲಿಲ್ಲ. ಅಮೆರಿಕದ ಚಿತ್ರಮಂದಿರಗಳಲ್ಲಿ ಅದು ಗಳಿಸಿದ್ದು ಸುಮಾರು 2 ಕೋಟಿ 30 ಲಕ್ಷ ಡಾಲರ್, ಡೇಮನ್‌ನಂಥ ನಟನಿಗೆ ಅದು ಸಾಧಾರಣ ಗಳಿಕೆ. ವಿಮರ್ಶಕರು ಚೆನ್ನಾಗಿದೆ ಎಂದರೇ ಹೊರತು ತಲೆಯ ಮೇಲೆ ಹೊತ್ತು ಕುಣಿಯಲಿಲ್ಲ. ಆಗ ಹೋಲ್ಡೆಮ್ ಗೊತ್ತಿದ್ದವರೇ ಕಡಿಮೆ. ಆ ವರ್ಷದ ವಿಶ್ವಸರಣಿಯ ಮುಖ್ಯ ಪಂದ್ಯಕ್ಕೆ ಬಂದವರು 350 ಜನ. ಆಮೇಲೆ ಕ್ಯಾಸೆಟ್ಟಿನಲ್ಲಿ, ಡಿವಿಡಿಯಲ್ಲಿ ಸಿನಿಮಾ ಕಾಲೇಜು ಹುಡುಗರ ಕೋಣೆಗಳನ್ನು ಹೊಕ್ಕಿತು. ಆಟಗಾರರ ಗುಟ್ಟಿನ ಎಲೆಗಳನ್ನು ನೋಡುಗರಿಗೆ ತೋರಿಸುವ ಪುಟ್ಟ ಕ್ಯಾಮೆರಾ ಬಂದು, ಟೀವಿಯಲ್ಲಿ ಪೋಕರ್ ನೋಡುವುದು ಕ್ರಿಕೆಟ್ ನೋಡಿದಷ್ಟು ಸಲೀಸಾಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ಉದ್ಯೋಗಿ ಇಂಟರ್‌ನೆಟ್ಟಿನ ಸಣ್ಣ ಆಟವೊಂದರಲ್ಲಿ ಗೆದ್ದು ಮುಖ್ಯ ಪಂದ್ಯಕ್ಕೆ ಜಾಗ ಪಡೆದ. ಅಲ್ಲಿ 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಹೊತ್ತು ಹೋದ. ಮೂರೇ ವರ್ಷದಲ್ಲಿ, ಅಂದರೆ 2006ರಲ್ಲಿ, ಆ ಪಂದ್ಯಕ್ಕೆ ಬಂದವರ ಸಂಖ್ಯೆ 8,773. ಅವರಲ್ಲಿ ಎಷ್ಟೋ ಜನ ಈ ಸಿನಿಮಾ ನೋಡಿಯೇ ಎಲೆ ಹಿಡಿದದ್ದಾಗಿ ಹೇಳಿಕೊಂಡಿದ್ದಾರೆ. ಸಿನಿಮಾ ಬದಲಾಗಿರಲಿಲ್ಲ, ನೋಡುವವರಿಗೆ ಆಟ ಬರತೊಡಗಿತ್ತು. ಕರ್ನಾಟಕ ಸಂಗೀತದ ತಾಳ ಹಾಕಲು ಕಲಿತವನಿಗೆ ಅದೇ ಕಚೇರಿ ಬೇರೆ ಕೇಳಿಸುವ ಹಾಗೆ, ಚಿಪ್ಪಿನ ಸದ್ದು ಕೂಡ ಅವರಿಗೆ ಅರ್ಥವಾಗತೊಡಗಿತ್ತು.

ಆಟ ಬಲ್ಲವರು ಇದನ್ನು ಒಪ್ಪಿಕೊಳ್ಳಲು ಕಾರಣವಿದೆ. ಕತೆ ಬರೆದ ಡೇವಿಡ್ ಲೆವೀನ್ ಮತ್ತು ಬ್ರಯಾನ್ ಕೊಪೆಲ್ಮನ್ ನ್ಯೂಯಾರ್ಕಿನ ಮೇಫೇರ್ ಕ್ಲಬ್ಬಿನಲ್ಲಿ ಕೂತು ಆಡಿ, ಅಲ್ಲಿನ ಮಾತು ಕೇಳಿ ಬರೆದವರು. 2006ರ ‘ಕಸಿನೊ ರಾಯಲ್’ ಸಿನಿಮಾದ ಕೊನೆಯ ಆಟ ನೆನಪಿದ್ದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ನಾಲ್ಕು ಜನರಿಗೆ ಒಬ್ಬನಿಗಿಂತ ಒಬ್ಬನಿಗೆ ದೊಡ್ಡ ಎಲೆ, ಬಾಂಡ್‌ಗೆ ಎಲ್ಲರಿಗಿಂತ ದೊಡ್ಡದು. ನೋಡಲು ಚೆನ್ನ, ನಂಬಲು ಕಷ್ಟ. ‘ರೌಂಡರ್ಸ್’ನಲ್ಲಿ ಮೈಕ್ ಒಮ್ಮೊಮ್ಮೆ ಎಲೆ ಎಸೆದು ಸುಮ್ಮನಾಗುತ್ತಾನೆ. ಸುಮ್ಮನಾಗುವುದೇ ಆಟದ ಮುಕ್ಕಾಲು ಪಾಲು.

ಟೆಡ್ಡಿ ಕೆಜಿಬಿಯ ಬಗ್ಗೆ ಮಾತ್ರ ಒಮ್ಮತವೇ ಇಲ್ಲ. ಜಾನ್ ಮ್ಯಾಲ್ಕೊವಿಚ್ ಆ ಪಾತ್ರಕ್ಕೆ ಹಚ್ಚಿದ ರಷ್ಯನ್ ಉಚ್ಚಾರ ಯಾವ ರಷ್ಯನ್ನನ ಬಾಯಲ್ಲೂ ಬರುವಂಥದ್ದಲ್ಲ ಎಂದು ಗೊಣಗುವವರು ಬಹಳ. ಆ ಉಚ್ಚಾರಕ್ಕಾಗಿಯೇ ಮತ್ತೆ ಮತ್ತೆ ನೋಡುವವರು ಇನ್ನೂ ಬಹಳ. ನಾನು ಎರಡನೆಯವರ ಕಡೆ. ಆ ಮನುಷ್ಯನಿಗೆ ಓರಿಯೊ ಬಿಸ್ಕತ್ತಿನ ಗೀಳು. ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು, ಗಡಿಯಾರಕ್ಕೆ ಕೀಲಿ ಕೊಡುವಂತೆ ತಿರುವಿ, ಎರಡು ಹೋಳು ಮಾಡಿ ಸದ್ದು ಕೇಳುತ್ತಾನೆ. ಕೈಯಲ್ಲಿ ಒಳ್ಳೆಯ ಎಲೆ ಇದ್ದರೆ ಬಾಯಿಗಿಡುತ್ತಾನೆ, ಇಲ್ಲದಿದ್ದರೆ ಇಲ್ಲ. ಕೊನೆಯ ರಾತ್ರಿ ಮೈಕ್ ಇದನ್ನು ಕಂಡುಹಿಡಿಯುತ್ತಾನೆ. ಕಂಡುಹಿಡಿದವನು ಸುಮ್ಮನಿರದೆ, ಗೆಲ್ಲುವಂತೆ ಕಾಣುತ್ತಿದ್ದ ಎಲೆಯನ್ನು ಮುಖ ಮೇಲೆ ಮಾಡಿ ಎಸೆದು, ‘ನಿನ್ನ ಗುಟ್ಟು ನನಗೆ ಗೊತ್ತು’ ಎಂದು ಟೆಡ್ಡಿಗೇ ತಿಳಿಯುವಂತೆ ಮಾಡುತ್ತಾನೆ. ಟೆಡ್ಡಿ ಸಿಟ್ಟಿಗೆ ಬಿಸ್ಕತ್ತಿನ ತಟ್ಟೆಯನ್ನೇ ಗೋಡೆಗೆ ಅಪ್ಪಳಿಸುತ್ತಾನೆ.

ಯಾಕೆ ಹೇಳಿದ? ಇದು ಈ ಸಿನಿಮಾದ ಮುಗಿಯದ ವಾದ. ಅಳಿಯನ ಪ್ರಕಾರ ಅದು ಶುದ್ಧ ಮೂರ್ಖತನ. ಬೆಳತನಕ ಆ ಗುಟ್ಟಿನಿಂದಲೇ ಹಣ ಸುಲಿಯಬಹುದಿತ್ತು. ಭಾವ ಒಪ್ಪಲಿಲ್ಲ. ಹೊತ್ತಿಲ್ಲದವನು ಕಾಯುತ್ತಾ ಕೂರಲಾರ, ಎದುರಾಳಿಗೆ ತಲೆ ಕೆಟ್ಟರೆ ಅದಕ್ಕಿಂತ ದೊಡ್ಡ ಲಾಭ ಯಾವುದು ಎಂದು ಅವರ ವಾದ. ಸಿನಿಮಾದಲ್ಲಿ ಮೈಕ್ ಕೊಡುವ ಕಾರಣವೂ ಹೆಚ್ಚುಕಡಿಮೆ ಇದೇ. ಮುಂದೆ ಅವನು ಕೂಡಿಬಂದ ಸೀಕ್ವೆನ್ಸನ್ನು ಬಚ್ಚಿಟ್ಟು, ಏನೂ ಇಲ್ಲದವನಂತೆ ಕೈಕಟ್ಟಿ ಕೂತು, ಕೆರಳಿದ ಟೆಡ್ಡಿಯೇ ಬಂದು ಬಲೆಗೆ ಬೀಳುವಂತೆ ಮಾಡುತ್ತಾನೆ. 1988ರ ವಿಶ್ವಸರಣಿಯ ಕೊನೆಯ ಆಟದಲ್ಲಿ ಜಾನಿ ಚಾನ್ ಎರಿಕ್ ಸೈಡೆಲ್‌ನನ್ನು ಹಿಡಿದದ್ದು ಇದೇ ಉಪಾಯದಿಂದ. ಮೈಕ್ ಮನೆಯಲ್ಲಿ ಕೂತು ಆ ಆಟದ ಟೇಪನ್ನೇ ಮತ್ತೆ ಮತ್ತೆ ನೋಡುವವನು. ಸೋತ ಟೆಡ್ಡಿಯ ಆಳುಗಳು ಮೈಮೇಲೆ ಬರಲು ಸಿದ್ಧರಾದಾಗ, ಅವನು ನ್ಯಾಯವಾಗಿ ಗೆದ್ದಿದ್ದಾನೆ, ದುಡ್ಡು ಕೊಟ್ಟು ಕಳಿಸಿ ಎಂದು ಟೆಡ್ಡಿ ಹೇಳುವ ಗಳಿಗೆಗೆ ನಮ್ಮ ನಡುಮನೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಚಪ್ಪಾಳೆಯ ಗದ್ದಲದಲ್ಲಿ ಒಂದು ಸಂಗತಿ ಎಲ್ಲರ ಕಣ್ಣು ತಪ್ಪುತ್ತದೆ. ಆ ರಾತ್ರಿ ಮೈಕ್ ಆಡಿದ್ದು ಎರಡು ಸುತ್ತು. ಮೊದಲ ಸುತ್ತಿನಲ್ಲೇ ತಂದ 10 ಸಾವಿರವನ್ನು 20 ಸಾವಿರ ಮಾಡಿಕೊಂಡಿದ್ದ. ಸಾಲ 15 ಸಾವಿರ. ಎದ್ದು ನಿಂತದ್ದೂ ಆಗಿತ್ತು. ಆಗ ಟೆಡ್ಡಿ, ನೀನು ಗೆದ್ದದ್ದು ಹಿಂದೆ ನನ್ನಲ್ಲಿ ಸೋತದ್ದರ ಒಂದು ಪಾಲು ಮಾತ್ರ ಎಂದು ಚುಚ್ಚುತ್ತಾನೆ. ಮೈಕ್ ಮತ್ತೆ ಕೂರುತ್ತಾನೆ, ಇದ್ದದ್ದನ್ನೆಲ್ಲ ಮೇಜಿಗಿಡುತ್ತಾನೆ. ಸಿನಿಮಾದ ಆರಂಭದಲ್ಲಿ ಮಾಡಿದ್ದನ್ನೇ ಅವನು ಕೊನೆಯಲ್ಲೂ ಮಾಡಿದ. ಬಂದ ಎಲೆ ಮಾತ್ರ ಬೇರೆ. ಮೊದಲನೆಯದನ್ನು ನಾವು ಹುಚ್ಚಾಟ ಎನ್ನುತ್ತೇವೆ, ಎರಡನೆಯದನ್ನು ಎದೆಗಾರಿಕೆ ಎನ್ನುತ್ತೇವೆ.

ವಿಮರ್ಶಕ ರೋಜರ್ ಈಬರ್ಟ್ ಆಗಲೇ ಇದನ್ನು ಗುರುತಿಸಿದ್ದ. ನಾಲ್ಕರಲ್ಲಿ ಮೂರು ತಾರೆ ಕೊಟ್ಟು ಮೆಚ್ಚಿಕೊಂಡೇ, ಓದು, ಹುಡುಗಿ, ಹಣ ಎಲ್ಲ ಕಳೆದುಕೊಂಡವನು ಕೊನೆಗೂ ಖುಷಿಯಾದ ಜೂಜುಕೋರನಾಗಿಯೇ ಉಳಿಯುತ್ತಾನೆ ಎಂದು ಬರೆದಿದ್ದ. ರಾಬರ್ಟ್ ಆಲ್ಟ್‌ಮನ್ 1974ರಲ್ಲಿ ಮಾಡಿದ ‘ಕ್ಯಾಲಿಫೋರ್ನಿಯಾ ಸ್ಪ್ಲಿಟ್’ನಲ್ಲಿ 82 ಸಾವಿರ ಡಾಲರ್ ಗೆದ್ದ ಮೇಲೆ ನಾಯಕನಿಗೆ ಏನೂ ಅನ್ನಿಸುವುದಿಲ್ಲ. ಹಣ ಹಂಚಿಕೊಂಡು ಮನೆಗೆ ಹೊರಡುತ್ತಾನೆ. ನನಗೆ ಅದು ಹೆಚ್ಚು ನಿಜದ ಮುಕ್ತಾಯ.

ಈಗ ಕನಿಶ್ ವಿಷಯ. ಜಾನ್ ಟರ್ಟುರೊ ಮಾಡಿದ ಪಾತ್ರ. ಮೇಫೇರ್‌ನಲ್ಲಿ ಆಡುತ್ತಿದ್ದ ಒಬ್ಬ ನಿಜವಾದ ಆಟಗಾರನೇ ಇದಕ್ಕೆ ಮಾದರಿ. ಕನಿಶ್‌ನ ಕಸುಬೇ ಪೋಕರ್. ದೊಡ್ಡ ಕನಸಿಲ್ಲ, ಅಬ್ಬರವಿಲ್ಲ. ತನಗಿಂತ ಕೆಳಗಿನ ಆಟಗಾರರಿರುವ ಮೇಜು ಹುಡುಕಿ, ತಾಸುಗಟ್ಟಲೆ ಕೂತು, ಸಂಸಾರಕ್ಕೆ ಬೇಕಾದಷ್ಟು ದುಡಿದು ಏಳುತ್ತಾನೆ. ಮೈಕ್ ಬೀದಿಗೆ ಬಿದ್ದಾಗ ಲಾರಿ ಓಡಿಸುವ ಕೆಲಸ ಕೊಡಿಸಿದವನೂ ಇವನೇ. ನೋಡುಗರಿಗೆ ಇವನು ಸಪ್ಪೆ. ಅಳಿಯ ಹೇಳಿದ್ದು ಹೀಗೆ: “ಮಾವ, ಅವನು ಪೋಕರ್‌ನ ಗುಮಾಸ್ತ.”

ಸಾಲದ ಗಡುವು ಕುತ್ತಿಗೆಗೆ ಬಂದಾಗ ಮೈಕ್ ಕೈಚಾಚುವುದು ಆ ಗುಮಾಸ್ತನ ಎದುರು. ಕನಿಶ್ ಕೊಡುವುದಿಲ್ಲ. ಪ್ರೀತಿ ಇಲ್ಲದೆ ಅಲ್ಲ. ಈ ಹಣ ಎಲ್ಲಿಗೆ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತು. ನೀನು ಹೆದರುಪುಕ್ಕಲ, ದೊಡ್ಡ ಮೇಜಿಗೆ ಎಂದೂ ಕೂರಲಿಲ್ಲ ಎಂದು ಮೈಕ್ ಹಂಗಿಸುತ್ತಾನೆ. ಅಟ್ಲಾಂಟಿಕ್ ಸಿಟಿಯಲ್ಲಿ ಒಮ್ಮೆ ಜಾನಿ ಚಾನ್‌ನ ಎದುರೇ ಕೂತು, ಕೈಯಲ್ಲಿ ಏನೂ ಇಲ್ಲದೆ ಬೆದರಿಸಿ ಅವನಿಂದ ಎಲೆ ಇಳಿಸಿದ್ದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಕನಿಶ್ ತನ್ನ ಬಾಡಿಗೆ, ತನ್ನ ಮಕ್ಕಳು ಎಂದು ಲೆಕ್ಕ ಹೇಳುತ್ತಾನೆ. ಟರ್ಟುರೊ ದನಿ ಏರಿಸುವುದಿಲ್ಲ. ಮುಖದಲ್ಲಿ ಅವಮಾನವೂ ಅಕ್ಕರೆಯೂ ಒಟ್ಟಿಗೆ ಕಾಣುತ್ತವೆ. ಇಡೀ ಸಿನಿಮಾದಲ್ಲಿ ಇಷ್ಟು ಚೆನ್ನಾಗಿ ಬರೆದ ಇನ್ನೊಂದು ದೃಶ್ಯವಿಲ್ಲ.

ಕನಿಶ್ ಕೊಡದ ಸಾಲವನ್ನು ಪ್ರೊಫೆಸರ್ ಪೆಟ್ರೊವ್‌ಸ್ಕಿ ಕೊಡುತ್ತಾರೆ. ಮಾರ್ಟಿನ್ ಲ್ಯಾಂಡೌ ಅದ್ಭುತವಾಗಿ ಅಭಿನಯಿಸಿದ ಮುದುಕ ಮೇಷ್ಟ್ರು ಅವರು. ಯೆಹೂದಿ ಧರ್ಮಗುರುವಾಗಬೇಕೆಂಬ ಮನೆಯವರ ಆಸೆ ಮೀರಿ ಕಾನೂನು ಓದಿದ್ದು, ತಂದೆ ಮುಂದೆ ಮಾತನ್ನೇ ಬಿಟ್ಟದ್ದು, ಇದನ್ನೆಲ್ಲ ನೆನೆದು ಮೈಕ್‌ಗೆ 10 ಸಾವಿರದ ಚೆಕ್ಕು ಬರೆಯುತ್ತಾರೆ. ನೋಡುಗರ ಕಣ್ಣು ಒದ್ದೆಯಾಗುತ್ತದೆ, ನನ್ನದೂ ಆಗಿದೆ. ಆದರೆ ಇಲ್ಲಿ ನಾನು ಸಿನಿಮಾವನ್ನು ಒಪ್ಪಲಾರೆ. ಮೇಷ್ಟ್ರು ಆರಿಸಿಕೊಂಡ ವಿದ್ಯೆ ಮರುದಿನವೂ ಅವರ ಬಳಿಯೇ ಇತ್ತು. ಮೈಕ್ ಆರಿಸಿಕೊಂಡದ್ದು ಒಂದು ಜೋಡಿ ಎಕ್ಕಕ್ಕೆ ಮುಗಿದುಹೋಗಬಹುದಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸಿನಿಮಾ ನಮ್ಮ ಕಣ್ಣೀರನ್ನು ಮೋಸದಿಂದ ಗೆಲ್ಲುತ್ತದೆ.

ಪೋಕರ್ ಅದೃಷ್ಟವಲ್ಲ, ಕೌಶಲ, ಇಲ್ಲದಿದ್ದರೆ ಕೊನೆಯ ಮೇಜಿಗೆ ಪ್ರತಿ ವರ್ಷ ಅದೇ ಕೆಲವರು ಹೇಗೆ ಬರುತ್ತಾರೆ ಎಂದು ಮೈಕ್ ಜೋಳನ್ನು ಕೇಳುತ್ತಾನೆ. ಚಾನ್ 1987, 1988ರಲ್ಲಿ ಗೆದ್ದು 1989ರಲ್ಲಿ ಎರಡನೆಯವನಾದದ್ದನ್ನು ನೋಡಿದರೆ ಹೌದೆನ್ನಿಸುತ್ತದೆ. ಅವನ ಬಳಿಕ ಇದುವರೆಗೆ ಯಾರೂ ಮುಖ್ಯ ಪಂದ್ಯವನ್ನು ಸತತ ಎರಡು ಸಲ ಗೆದ್ದಿಲ್ಲ. ಇದೇ ವಾದ ನಮ್ಮ ನ್ಯಾಯಾಲಯಗಳಲ್ಲೂ ನಡೆದಿದೆ. ರಮ್ಮಿಯಲ್ಲಿ ಮುಖ್ಯವಾದದ್ದು ಕೌಶಲವೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1968ರಲ್ಲಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂದು ಭೇದ ಮಾಡದೆ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು.

ಅಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಲೆಕ್ಕದಲ್ಲಿ ಚುರುಕು. ಮೊಬೈಲಿನಲ್ಲಿ ಪೋಕರ್ ಆಡಿ ಕೆಲವು ತಿಂಗಳು ಗೆದ್ದ, ಒಂದೇ ವಾರದಲ್ಲಿ ಎಲ್ಲ ಕಳೆದ. ಅದನ್ನು ಅವನು ಅಪ್ಪ ಅಮ್ಮನಿಗೆ ಹೇಳಿರಲಿಲ್ಲ, ನನ್ನ ಮುಂದೆ ಹೇಳಿಕೊಂಡ. ಕೌಶಲ ಇತ್ತು ಮಾವ, ಆದರೆ ನಿಲ್ಲಿಸುವುದು ಗೊತ್ತಿರಲಿಲ್ಲ, ಅಂದ. ಸಿನಿಮಾದ ಬಗ್ಗೆ ಅವನು ಆಡಿದ ಮಾತುಗಳಲ್ಲಿ ನಾನು ಇದನ್ನೇ ಹೆಚ್ಚು ನಂಬುತ್ತೇನೆ. ಕೌಶಲವೋ ಅದೃಷ್ಟವೋ ಎನ್ನುವ ಚರ್ಚೆಯಲ್ಲಿ ನಿಲ್ಲಿಸುವ ಕೌಶಲದ ಮಾತೇ ಬರುವುದಿಲ್ಲ. ಟೆಡ್ಡಿಗೆ ಅದಿಲ್ಲ, ಮೈಕ್‌ಗೆ ಅದಿಲ್ಲ, ವರ್ಮ್‌ಗಂತೂ ಅದರ ಗಂಧವೇ ಇಲ್ಲ. ಕನಿಶ್‌ಗೆ ಇದೆ.

ಟೇಪಿನಲ್ಲಿ ಚಾನ್‌ನ ಎದುರು ಸೋಲುವ ಎರಿಕ್ ಸೈಡೆಲ್ ಕೂಡ ಮೇಫೇರ್ ಕ್ಲಬ್ಬಿನ ಬಳಗದವನೇ. ಸಿನಿಮಾ ನೋಡಿದ ಲಕ್ಷಾಂತರ ಜನರಿಗೆ ಅವನು ಸೋತ ಮುಖವಾಗಿಯೇ ಗೊತ್ತು. ಅವನು ಮುಂದೆ ದಶಕಗಳ ಕಾಲ ಸದ್ದಿಲ್ಲದೆ ಆಡುತ್ತಾ ಹೋದ, 2010ರಲ್ಲಿ ಪೋಕರ್‌ನ ಹಾಲ್ ಆಫ್ ಫೇಮ್ ಸೇರಿದ, ವಿಶ್ವಸರಣಿಯ ಚಿನ್ನದ ಕಡಗವನ್ನು ಹತ್ತು ಸಲ ಗೆದ್ದ. ಅಂಥವನ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ.

ಸಿನಿಮಾ ಕೊನೆಗೊಳ್ಳುವಾಗ ಮೈಕ್ ಮೇಷ್ಟ್ರ ಹಣ ತೀರಿಸಿ, ಉಳಿದ 30 ಸಾವಿರ ಹಿಡಿದು ವೇಗಾಸ್‌ಗೆ ಹೊರಡುತ್ತಾನೆ. ಅಲ್ಲಿ ಏನಾಯಿತು ಎಂದು ಯಾರೂ ತೋರಿಸಿಲ್ಲ. ಗೆದ್ದಿರುತ್ತಾನೆ ಎಂದು ಅಳಿಯ, ಆರು ತಿಂಗಳಲ್ಲಿ ವಾಪಸು ಬಂದಿರುತ್ತಾನೆ ಎಂದು ಭಾವ. ಜೋ ಒಳ್ಳೆಯ ವಕೀಲೆಯಾಗಿರುತ್ತಾಳೆ ಎಂದು ಅಕ್ಕ. ‘ರೌಂಡರ್ಸ್’ ಈವರೆಗೆ ನೋಡದಿದ್ದರೆ ದಯವಿಟ್ಟು ನೋಡಿ, ಅದು ಒಳ್ಳೆಯ ಸಿನಿಮಾ. ನೋಡಿದವರು ಇನ್ನೊಮ್ಮೆ, ಈ ಸಲ ಟರ್ಟುರೊ ಇರುವ ದೃಶ್ಯಗಳನ್ನಷ್ಟೇ ಹುಡುಕಿ ನೋಡಿ. ಎಲ್ಲ ಸೇರಿದರೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ.